ಹೊಸ ಐಡಿಯಾಕ್ಕಾಗಿ ತಂಡ ಕೂರಿಸುವುದು ಹೇಗೆ: ಪ್ರಶ್ನೆಯಿಂದ ಪ್ರಯೋಗದವರೆಗೆ ಸಮಗ್ರ ಮಾರ್ಗದರ್ಶಿ

ಕಂಪನಿಗಳಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಯಾವುದೋ ಸಮಸ್ಯೆ ತಲೆನೋವಾಗಿ ಕೂತಿದೆ. "ಎಲ್ಲರೂ ಸೇರಿ ಹೊಸದಾಗಿ ಯೋಚಿಸೋಣ" ಎಂದು ಹದಿನೈದು ಜನರಿಗೆ ಮೀಟಿಂಗ್ ಕರೆ ಹೋಗುತ್ತದೆ. ಒಂದೂವರೆ ಗಂಟೆ ಹೊತ್ತು ಮೂವರು ಮಾತಾಡುತ್ತಾರೆ, ಕೆಲವರು ತಲೆಯಾಡಿಸುತ್ತಾರೆ, ಉಳಿದವರು ಮೇಜಿನಡಿ ಮೊಬೈಲ್ ನೋಡುತ್ತಾರೆ. ಕೊನೆಗೆ ವೈಟ್‌ಬೋರ್ಡಿನ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾರೆ. ಆ ಫೋಟೋವನ್ನು ಮತ್ತೆ ಯಾರೂ ತೆರೆಯುವುದಿಲ್ಲ.

ಆಮೇಲೆ "ನಮ್ಮವರಲ್ಲಿ ಕ್ರಿಯೇಟಿವಿಟಿ ಇಲ್ಲ" ಎಂಬ ತೀರ್ಪು ಹೊರಬೀಳುತ್ತದೆ. ಜನರ ತಲೆಯಲ್ಲಿ ತಪ್ಪೇನೂ ಇರುವುದಿಲ್ಲ, ಹೆಚ್ಚಿನ ಸಲ ತಪ್ಪಿರುವುದು ಕ್ರಮದಲ್ಲಿ. ಪ್ರಶ್ನೆ ಗಟ್ಟಿಯಾಗುವ ಮೊದಲೇ ಉತ್ತರ ಕೇಳುತ್ತಾರೆ, ಬರೆಯುವ ಮೊದಲೇ ಮಾತಿಗಿಳಿಯುತ್ತಾರೆ, ಯಾರು ಏನು ಮಾಡಬೇಕೆಂದು ಗೊತ್ತಾಗುವ ಮೊದಲೇ ಎದ್ದುಹೋಗುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅವಸರವಿದ್ದರೆ ಪ್ರತಿ ಹಂತದ ಸಮಯ ಕಡಿಮೆ ಮಾಡಬಹುದು, ಹಂತವನ್ನೇ ಹಾರಿಸಬೇಡಿ.

ಮೊದಲೇ ಸಿದ್ಧವಿರಬೇಕಾದದ್ದು

ಚೀಟಿ ಅಂಟಿಸಲು ಖಾಲಿ ಗೋಡೆ ಇರುವ ಕೋಣೆ, ಸ್ಟಿಕಿ ನೋಟ್ ಕಟ್ಟುಗಳು, ತಲಾ ಒಂದು ದಪ್ಪ ಮಾರ್ಕರ್, ಎಲ್ಲರಿಗೂ ಕಾಣುವ ಟೈಮರ್. ಬಾಲ್ ಪೆನ್ ಬೇಡ. ಅದರಲ್ಲಿ ಬರೆದದ್ದು ನಾಲ್ಕು ಹೆಜ್ಜೆ ದೂರದಿಂದ ಕಾಣುವುದಿಲ್ಲ. ಮಾರ್ಕರ್ ಹಿಡಿದರೆ ಒಂದು ಚೀಟಿಯಲ್ಲಿ ಒಂದೇ ವಿಚಾರಕ್ಕೆ ಜಾಗ ಸಿಗುತ್ತದೆ, ನಮಗೆ ಬೇಕಾದದ್ದೂ ಅಷ್ಟೇ. ಒಟ್ಟು ಮೂರು ಗಂಟೆ ಸಮಯ, ನಡುವೆ ಒಂದು ಬಿಡುವು.

ಸಾಮಾನಿಗಿಂತ ಮುಖ್ಯವಾಗಿ ಎರಡು ಹೆಸರು ಮೊದಲೇ ನಿಗದಿಯಾಗಿರಬೇಕು. ಒಬ್ಬರು ಸಭೆ ನಡೆಸಿಕೊಡುವವರು. ಇನ್ನೊಬ್ಬರು, ಕೊನೆಯಲ್ಲಿ "ಸರಿ, ಇದನ್ನು ಮಾಡೋಣ, ಇದಕ್ಕೆ ಬೇಕಾದ ಹಣ ಮತ್ತು ಜನ ನಾನು ಕೊಡುತ್ತೇನೆ" ಎನ್ನುವ ಅಧಿಕಾರ ಇರುವವರು. ಎರಡೂ ಕೆಲಸ ಒಬ್ಬರದೇ ಆಗಕೂಡದು. ನಿರ್ಧಾರ ಮಾಡುವವರೇ ಸಭೆ ನಡೆಸಿದರೆ ಜನ ಅವರ ಮುಖ ನೋಡಿಕೊಂಡು ಬರೆಯುತ್ತಾರೆ. ಎರಡನೆಯವರ ಹೆಸರು ಸಿಗದಿದ್ದರೆ ಸಭೆಯನ್ನು ಮುಂದೂಡಿ.

ಹಂತ 1: ಇದು ತಂಡ ಕೂತು ಬಿಡಿಸುವ ಸಮಸ್ಯೆಯೇ ನೋಡಿ

ಒಂದೇ ಸರಿಯುತ್ತರ ಇದ್ದು, ಅದು ಒಬ್ಬ ಪರಿಣತರಿಗೆ ಗೊತ್ತಿದ್ದರೆ ಅವರನ್ನೇ ಕೇಳಿ. ಸರ್ವರ್ ಏಕೆ ನಿಂತಿತು ಎನ್ನುವುದಕ್ಕೆ ಎಂಟು ಜನ ಚೀಟಿ ಬರೆಯಬೇಕಾಗಿಲ್ಲ. ಎರಡು ಮೂರು ವಿಭಾಗಗಳ ಕೈಯಲ್ಲಿ ಹಂಚಿಹೋಗಿರುವ, ಮಾಮೂಲಿ ಮದ್ದು ಹಾಕಿ ನೋಡಿದರೂ ವಾಸಿಯಾಗದ, ಹತ್ತು ದಾರಿಯಲ್ಲಿ ಬಿಡಿಸಬಹುದಾದ ಸಮಸ್ಯೆ ಇದಕ್ಕೆ ಹೇಳಿಮಾಡಿಸಿದ್ದು.

ನಿರ್ಧಾರ ಆಗಲೇ ಆಗಿಹೋಗಿದ್ದು, ಜನರಿಂದ ಒಪ್ಪಿಗೆಯ ಮುದ್ರೆ ಮಾತ್ರ ಬೇಕಿದ್ದರೆ ದಯವಿಟ್ಟು ಇಂಥ ಸಭೆ ಕರೆಯಬೇಡಿ. ಜನರಿಗೆ ಅದು ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ. ಮುಂದಿನ ಸಲ ನೀವು ನಿಜವಾಗಿಯೇ ಕೇಳಿದರೂ ಬಾಯಿ ಬಿಡುವುದಿಲ್ಲ.

ಹಂತ 2: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಹೆಚ್ಚು ಜನ ಎಡವುವುದು ಇಲ್ಲೇ. ಹಾಗಾಗಿ ಒಂದು ಉದಾಹರಣೆ ಹಿಡಿದು ನಿಧಾನವಾಗಿ ನೋಡೋಣ. ಪಂಪ್ ತಯಾರಿಸುವ ಕಂಪನಿಯೊಂದರ ಸರ್ವಿಸ್ ಸೆಂಟರ್ ಎಂದುಕೊಳ್ಳಿ. ರಿಪೇರಿಗೆ ಬಂದ ಪಂಪ್ ಗ್ರಾಹಕರ ಕೈಗೆ ವಾಪಸ್ ಹೋಗಲು ಸುಮಾರು ಹನ್ನೆರಡು ದಿನ ಹಿಡಿಯುತ್ತಿದೆ. ಮ್ಯಾನೇಜರ್ ಬರೆಯುವ ಪ್ರಶ್ನೆ: "ರಿಪೇರಿ ವೇಗ ಹೆಚ್ಚಿಸುವುದು ಹೇಗೆ?" ಈ ಪ್ರಶ್ನೆಗೆ ಬರುವ ಉತ್ತರಗಳನ್ನು ಸಭೆ ಸೇರದೆಯೂ ಹೇಳಬಹುದು. ಇನ್ನಿಬ್ಬರು ಮೆಕ್ಯಾನಿಕ್, ಹೊಸ ಟೂಲ್, ಓವರ್‌ಟೈಮ್.

ಸಭೆಗೆ ಮೊದಲು ಹಿಂದಿನ ಮೂವತ್ತು ಜಾಬ್ ಕಾರ್ಡ್ ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ ಪಂಪ್ ಬಂದ ದಿನ, ಬಿಚ್ಚಿ ನೋಡಿದ ದಿನ, ಎಸ್ಟಿಮೇಟ್ ಕಳಿಸಿದ ದಿನ, ಗ್ರಾಹಕರು ಒಪ್ಪಿದ ದಿನ, ಬಿಡಿಭಾಗ ಬಂದ ದಿನ, ರಿಪೇರಿ ಮುಗಿದ ದಿನ, ಕಳಿಸಿದ ದಿನ ಇಷ್ಟನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಆಗ ಗೊತ್ತಾಗುವುದೇನು? ಮೆಕ್ಯಾನಿಕ್ ಕೈಯಲ್ಲಿ ಪಂಪ್ ಇದ್ದದ್ದು ಮೂರೇ ಗಂಟೆ. ಗ್ರಾಹಕರು ಎಸ್ಟಿಮೇಟ್‌ಗೆ "ಹೂಂ" ಎನ್ನುವವರೆಗೆ ಅದು ರ‍್ಯಾಕಿನಲ್ಲಿ ಕೂತಿದ್ದು ಏಳು ದಿನ. ಮೆಕ್ಯಾನಿಕ್‌ಗಳ ಸಂಖ್ಯೆ ದುಪ್ಪಟ್ಟು ಮಾಡಿದರೂ ಆ ಏಳು ದಿನ ಅಲ್ಲೇ ಇರುತ್ತದೆ. ಈಗ ಪ್ರಶ್ನೆ ಬದಲಾಗುತ್ತದೆ: "ಎಸ್ಟಿಮೇಟ್ ತಲುಪಿದ ದಿನವೇ ಗ್ರಾಹಕರು ಹೌದು ಅಥವಾ ಬೇಡ ಎಂದು ಹೇಳುವಂತಾಗಲು ನಾವು ಏನೇನು ಮಾಡಬಹುದು?"

ಇಲ್ಲಿಗೇ ನಿಲ್ಲಬೇಡಿ. ಇದೇ ಪ್ರಶ್ನೆಯನ್ನು ಒಮ್ಮೆ ಮೇಲಕ್ಕೆತ್ತಿ, ಒಮ್ಮೆ ಕೆಳಗಿಳಿಸಿ. ಮೇಲಕ್ಕೆತ್ತಲು "ಅದು ಏಕೆ ಬೇಕು?" ಎಂದು ಕೇಳಿ. ಬೇಗ ಒಪ್ಪಿಗೆ ಏಕೆ ಬೇಕು? ಪಂಪ್ ಇಲ್ಲದೆ ಗ್ರಾಹಕರ ಕೆಲಸ ನಿಂತಿದೆ. ಹಾಗಿದ್ದರೆ "ಪಂಪ್ ನಮ್ಮಲ್ಲಿರುವಷ್ಟು ದಿನ ಅವರ ಕೆಲಸ ನಿಲ್ಲದಂತೆ ಮಾಡುವುದು ಹೇಗೆ?" ಬದಲಿ ಪಂಪ್ ಕೊಡುವಂಥ ಯೋಚನೆ ಈ ಪ್ರಶ್ನೆಯಿಂದ ಹುಟ್ಟುತ್ತದೆ, ಮೊದಲನೆಯದರಿಂದ ಹುಟ್ಟುವುದಿಲ್ಲ. ಕೆಳಗಿಳಿಸಲು "ತಡೆಯುತ್ತಿರುವುದು ಏನು?" ಎಂದು ಕೇಳಿ. ಎಸ್ಟಿಮೇಟ್ ತುಂಬ ಪಾರ್ಟ್ ನಂಬರ್‌ಗಳೇ ಇದ್ದು, ಯಾವುದು ಕೆಟ್ಟಿದೆ, ಬದಲಿಸದಿದ್ದರೆ ಏನಾಗುತ್ತದೆ ಎನ್ನುವುದು ಗ್ರಾಹಕರಿಗೆ ಅರ್ಥವಾಗುತ್ತಿಲ್ಲ. ಹಾಗಿದ್ದರೆ "ಒಂದೇ ನಿಮಿಷದಲ್ಲಿ ಓದಿ ತಿಳಿಯುವ ಎಸ್ಟಿಮೇಟ್ ಹೇಗಿರಬೇಕು?" ಮೂರೂ ಪ್ರಶ್ನೆಗಳನ್ನು ನಿರ್ಧಾರ ಮಾಡುವವರ ಮುಂದಿಟ್ಟು ಒಂದನ್ನು ಆರಿಸಿ. ಮೂರನ್ನೂ ಒಂದೇ ಸಭೆಗೆ ತರಬೇಡಿ.

ಎಚ್ಚರಿಕೆಯ ಲಕ್ಷಣಗಳು: ಪ್ರಶ್ನೆಯೊಳಗೇ ಉತ್ತರ ಅಡಗಿದ್ದರೆ ("ಗ್ರಾಹಕರಿಗೆ ಆ್ಯಪ್ ಮಾಡುವುದು ಹೇಗೆ?"), ಯಾರ ಕಡೆಗೋ ಬೆರಳು ತೋರಿಸುತ್ತಿದ್ದರೆ ("ಅಕೌಂಟ್ಸ್‌ನವರು ತಡ ಮಾಡದಂತೆ ನೋಡಿಕೊಳ್ಳುವುದು ಹೇಗೆ?"), ಅಥವಾ ಯಾವ ಕಂಪನಿಗೂ ಒಪ್ಪುವಷ್ಟು ಅಗಲವಾಗಿದ್ದರೆ ("ಗ್ರಾಹಕರ ಸಂತೃಪ್ತಿ ಹೆಚ್ಚಿಸುವುದು ಹೇಗೆ?") ಹರಿದುಹಾಕಿ ಮತ್ತೆ ಬರೆಯಿರಿ.

ಹಂತ 3: ಐದರಿಂದ ಎಂಟು ಜನರನ್ನು ಆರಿಸಿ

ಎಂಟು ದಾಟಿದರೆ ಎರಡು ಗುಂಪು ಮಾಡಿ. ದೊಡ್ಡ ಗುಂಪಿನಲ್ಲಿ "ನಾನೊಬ್ಬ ಸುಮ್ಮನಿದ್ದರೆ ಏನಾಯಿತು" ಎಂಬ ಭಾವನೆ ತಾನಾಗಿ ಬರುತ್ತದೆ.

ಹುದ್ದೆ ನೋಡಿ ಕರೆಯಬೇಡಿ, ಸಮಸ್ಯೆಯನ್ನು ಕೈಯಾರೆ ಮುಟ್ಟುವವರನ್ನು ಕರೆಯಿರಿ. ನಮ್ಮ ಉದಾಹರಣೆಯಲ್ಲಿ ಪಂಪ್ ಬಿಚ್ಚುವ ಮೆಕ್ಯಾನಿಕ್, ಎಸ್ಟಿಮೇಟ್ ಟೈಪ್ ಮಾಡುವವರು, ಗ್ರಾಹಕರಿಗೆ ಫೋನ್ ಮಾಡಿ ಬೈಸಿಕೊಳ್ಳುವವರು, ಸ್ಟೋರ್ಸ್‌ನವರು, ಅಕೌಂಟ್ಸ್‌ನ ಒಬ್ಬರು ಬೇಕೇ ಬೇಕು. ಜೊತೆಗೆ ಈ ಕೆಲಸದ ಗಂಧಗಾಳಿ ಇಲ್ಲದ ಒಬ್ಬರು. ಮಿಕ್ಕವರು ಕೇಳಲು ನಾಚುವ "ಗ್ರಾಹಕರ ಒಪ್ಪಿಗೆಯಾದರೂ ಏಕೆ ಬೇಕು?" ಎಂಬಂಥ ಪ್ರಶ್ನೆ ಇವರಿಂದಲೇ ಬರುವುದು.

ನಿರ್ಧಾರ ಮಾಡುವವರು ಮೊದಲ ಹತ್ತು ನಿಮಿಷ ಇದ್ದು, ಸಮಸ್ಯೆ ಏಕೆ ಮುಖ್ಯ, ಹಣ ಮತ್ತು ಸಮಯದ ಮಿತಿ ಎಷ್ಟು ಎಂದು ಹೇಳಿ ಹೊರಗೆ ಹೋಗಲಿ. ಆಯ್ಕೆಯ ಹಂತಕ್ಕೆ ವಾಪಸ್ ಬರಲಿ. ಇದನ್ನು ಅವರಿಗೆ ಹೇಳುವುದು ಮುಜುಗರದ ಕೆಲಸವೇ, ಆದರೂ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ.

ಹಂತ 4: ಒಂದು ಪುಟ ಮೊದಲೇ ಕಳಿಸಿ

ಎರಡು ಮೂರು ದಿನ ಮೊದಲು ಒಂದೇ ಒಂದು ಪುಟ. ಅದರಲ್ಲಿ ಪ್ರಶ್ನೆ, ನಿಮ್ಮ ಕೈಯಲ್ಲಿರುವ ಅಂಕಿಅಂಶ, ಈಗಾಗಲೇ ಮಾಡಿ ನೋಡಿ ಕೈಬಿಟ್ಟದ್ದು, ಮೀರಲಾಗದ ಮಿತಿಗಳು. ಸ್ಲೈಡ್ ಬೇಡ. ಕೈಬಿಟ್ಟದ್ದರ ಪಟ್ಟಿ ಇಲ್ಲದಿದ್ದರೆ ಸಭೆಯ ಮೊದಲರ್ಧ "ಅದನ್ನು ಆಗಲೇ ಮಾಡಿ ನೋಡಿದ್ದೇವೆ" ಎಂಬ ಮಾತಿನಲ್ಲೇ ಕಳೆದುಹೋಗುತ್ತದೆ.

ಹಂತ 5: ಮಾತಿಲ್ಲದೆ ಬರೆಸಿ

ಬ್ರೈನ್‌ಸ್ಟಾರ್ಮಿಂಗ್ ಎಂದರೆ ಎಲ್ಲರೂ ಒಟ್ಟಿಗೆ ಕೂಗಿ ಹೇಳುವುದು ಎಂಬ ನಂಬಿಕೆ ಇನ್ನೂ ಹೋಗಿಲ್ಲ. 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಪ್ರಯೋಗವೊಂದು ಇದನ್ನು ಪರೀಕ್ಷಿಸಿತ್ತು. ನಾಲ್ಕು ಜನ ಒಟ್ಟಿಗೆ ಕೂತು ಕೊಟ್ಟ ಐಡಿಯಾಗಳಿಗಿಂತ, ಬೇರೆ ಬೇರೆ ಕೂತ ನಾಲ್ವರ ಐಡಿಯಾಗಳನ್ನು ಕೂಡಿಸಿದಾಗ ಸುಮಾರು ದುಪ್ಪಟ್ಟು ಬಂದವು. ಕಾರಣವನ್ನು 1987ರಲ್ಲಿ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗ್ಯಾಂಗ್ ಸ್ಟ್ರೋಬ ಬಿಡಿಸಿ ತೋರಿಸಿದರು. ಗುಂಪಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಉಳಿದವರು ತಮ್ಮ ಸರದಿಗೆ ಕಾಯಬೇಕು, ಕಾಯುವಾಗ ಹೊಳೆದದ್ದು ಜಾರಿಹೋಗುತ್ತದೆ, ಇಲ್ಲವೇ "ಇದೇನು ದೊಡ್ಡ ವಿಷಯ" ಎಂದು ಒಳಗೇ ನುಂಗಿಕೊಳ್ಳುತ್ತಾರೆ.

ಆದ್ದರಿಂದ ಮೊದಲು ಒಂಟಿಯಾಗಿ, ಆಮೇಲೆ ಒಟ್ಟಾಗಿ. ಹದಿನೈದು ನಿಮಿಷ ಟೈಮರ್ ಇಡಿ. ಎಲ್ಲರೂ ಮೌನವಾಗಿ ಬರೆಯಲಿ, ಚೀಟಿಗೆ ಒಂದು ಐಡಿಯಾ, ಕ್ರಿಯಾಪದ ಇರುವ ಪೂರ್ತಿ ವಾಕ್ಯ. "ವಾಟ್ಸ್ಆ್ಯಪ್" ಎಂದಷ್ಟೇ ಬರೆದ ಚೀಟಿ ಒಂದು ಗಂಟೆ ಕಳೆದರೆ ಬರೆದವರಿಗೇ ಅರ್ಥವಾಗುವುದಿಲ್ಲ. "ಕೆಟ್ಟ ಭಾಗದ ಫೋಟೋವನ್ನು ಮೆಕ್ಯಾನಿಕ್ಕೇ ಗ್ರಾಹಕರಿಗೆ ವಾಟ್ಸ್ಆ್ಯಪ್ ಮಾಡಿ ಬೆಲೆ ಹೇಳಲಿ" ಎಂದರೆ ಅದು ಐಡಿಯಾ.

ಇನ್ನೂ ಹೆಚ್ಚು ಬೇಕಿದ್ದರೆ 6-3-5 ವಿಧಾನ ಬಳಸಿ. ಜರ್ಮನಿಯ ಬರ್ಂಡ್ ರೋರ್‌ಬಾಖ್ 1968ರಲ್ಲಿ ಪ್ರಕಟಿಸಿದ ವಿಧಾನವಿದು. ಆರು ಜನ, ತಲಾ ಒಂದು ಹಾಳೆ, ಐದು ನಿಮಿಷದಲ್ಲಿ ಮೂರು ಐಡಿಯಾ. ಐದು ನಿಮಿಷವಾದ ಮೇಲೆ ಹಾಳೆ ಪಕ್ಕದವರಿಗೆ ಹೋಗುತ್ತದೆ. ಅವರು ಮೇಲಿನದನ್ನು ಓದಿ, ಅದಕ್ಕೆ ಕೂಡಿಸಿಯೋ ತಿರುಗಿಸಿಯೋ ಇನ್ನು ಮೂರು ಬರೆಯುತ್ತಾರೆ. ಆರು ಸುತ್ತು, ಅರ್ಧ ಗಂಟೆ, 108 ಐಡಿಯಾ. ಎಲ್ಲವೂ ಹೊಸದಾಗಿರುವುದಿಲ್ಲ, ಹಲವು ಹಾಳೆಗಳಲ್ಲಿ ಒಂದೇ ವಿಚಾರ ಮರುಕಳಿಸುತ್ತದೆ. ಆದರೆ ಒಬ್ಬರ ಅರೆಬೆಂದ ಯೋಚನೆಯನ್ನು ಇನ್ನೊಬ್ಬರು ಮುಗಿಸುವ ಅವಕಾಶ ಇದರಲ್ಲಿದೆ. ತಂಡ ಕೂತದ್ದರ ಲಾಭವೇ ಅದು.

ಆನ್‌ಲೈನ್ ಸಭೆಯಾದರೆ ಈ ಹಂತ ಇನ್ನೂ ಸುಲಭ. ಹಂಚಿಕೊಂಡ ಒಂದೇ ಬೋರ್ಡಿನಲ್ಲಿ ಬರೆಸುವ ಬದಲು ಪ್ರತಿಯೊಬ್ಬರೂ ತಮ್ಮ ಪುಟದಲ್ಲಿ ಬರೆದು ಕೊನೆಗೆ ಒಟ್ಟಿಗೆ ಅಂಟಿಸಲಿ. ಬೇರೆಯವರದು ಕಣ್ಣಿಗೆ ಬಿದ್ದರೆ ಎಲ್ಲರೂ ಅದೇ ದಾರಿ ಹಿಡಿಯುತ್ತಾರೆ.

ಎಚ್ಚರಿಕೆಯ ಲಕ್ಷಣ: ಐದನೇ ನಿಮಿಷಕ್ಕೆ ಪೆನ್ನು ಕೆಳಗಿಟ್ಟು ಯಾರಾದರೂ ಹರಟೆ ಶುರುಮಾಡುವುದು. ಮೌನ ಮುರಿಯಲು ಬಿಡಬೇಡಿ. ಮೊದಲಿಗೆ ಬರುವವು ಎಲ್ಲರಿಗೂ ಹೊಳೆಯುವಂಥವು. ಅವು ಬರಿದಾಗಿ, ಇನ್ನೇನೂ ಇಲ್ಲ ಎನಿಸಿದ ಮೇಲೆ ಬರೆದ ಚೀಟಿಗಳ ಮೇಲೆ ಕಣ್ಣಿಡಿ.

ಹಂತ 6: ಓದಿಸಿ, ಗುಂಪು ಮಾಡಿ

ಒಬ್ಬೊಬ್ಬರಾಗಿ ಎದ್ದು ಒಂದೊಂದೇ ಚೀಟಿ ಓದಿ ಗೋಡೆಗೆ ಅಂಟಿಸಲಿ. ಸರದಿ ಸುತ್ತುತ್ತಾ ಇರಲಿ. ಒಬ್ಬರೇ ಹತ್ತು ಚೀಟಿ ಒಟ್ಟಿಗೆ ಓದುವುದು ಬೇಡ. ಅತಿ ಕಿರಿಯರಿಂದ ಶುರುಮಾಡಿ. ಓದುವಾಗ ಅರ್ಥವಾಗದಿದ್ದರೆ "ಹಾಗೆಂದರೇನು?" ಎಂದು ಕೇಳಬಹುದು, "ಅದು ಆಗುವುದಿಲ್ಲ" ಎನ್ನುವಂತಿಲ್ಲ. ಬ್ರೈನ್‌ಸ್ಟಾರ್ಮಿಂಗ್‌ಗೆ ರೂಪ ಕೊಟ್ಟ ಅಲೆಕ್ಸ್ ಆಸ್ಬಾರ್ನ್ ಇಟ್ಟ ನಿಯಮಗಳಲ್ಲಿ ಇಂದಿಗೂ ಸಡಿಲಿಸಬಾರದ್ದು ಇದು: ಹುಟ್ಟಿಸುವ ಹೊತ್ತಿನಲ್ಲಿ ತೂಗಬೇಡಿ. ಬಾಯಲ್ಲಿ ಹೇಳಿದ ಟೀಕೆಗಿಂತ ಮುಗುಳ್ನಗೆ, ಹುಬ್ಬೇರಿಸುವುದು, ಪಕ್ಕದವರ ಕಡೆ ನೋಡುವುದು ಹೆಚ್ಚು ಹಾಳು ಮಾಡುತ್ತವೆ. ನಡೆಸಿಕೊಡುವವರ ಕಣ್ಣು ಗೋಡೆಯ ಮೇಲಲ್ಲ, ಮುಖಗಳ ಮೇಲಿರಲಿ.

ನಂತರ ಹೋಲುವ ಚೀಟಿಗಳನ್ನು ಹತ್ತಿರ ತನ್ನಿ. "ತಂತ್ರಜ್ಞಾನ", "ತರಬೇತಿ", "ಇತರೆ" ಎಂಬ ಶೀರ್ಷಿಕೆ ಮೊದಲೇ ಬರೆದಿಟ್ಟು ಅದರಡಿ ತುಂಬಬೇಡಿ. ಹಾಗೆ ಮಾಡಿದರೆ ವಿಚಿತ್ರವಾದ ಚೀಟಿಗಳೆಲ್ಲ "ಇತರೆ"ಯಲ್ಲಿ ಸತ್ತುಹೋಗುತ್ತವೆ. ಗುಂಪಾದ ಮೇಲೆ ಹೆಸರಿಡಿ, ಅದೂ ಒಂದು ವಾಕ್ಯದಲ್ಲಿ: "ಗ್ರಾಹಕರು ಕಣ್ಣಾರೆ ನೋಡಿ ನಂಬುವಂತೆ ಮಾಡುವುದು", "ಒಪ್ಪಿಗೆ ಕೇಳುವ ಅಗತ್ಯವೇ ಬೀಳದಂತೆ ಮಾಡುವುದು". ಯಾವ ಗುಂಪಿಗೂ ಸೇರದ ಚೀಟಿಯನ್ನು ಒಂಟಿಯಾಗಿಯೇ ಬಿಡಿ.

ಹಂತ 7: ಬಿಡುವಿನ ನಂತರ ಎರಡನೇ ಸುತ್ತು

ಹೆಚ್ಚಿನ ತಂಡಗಳು ಇಲ್ಲಿ ನಿಲ್ಲುತ್ತವೆ. ಎರಡನೇ ಸುತ್ತು ಕಡ್ಡಾಯ ಎನ್ನುವುದು ನನ್ನ ಪಕ್ಕಾ ಅಭಿಪ್ರಾಯ. "ಇನ್ನೂ ಯೋಚಿಸಿ" ಎಂದರೆ ಏನೂ ಬರುವುದಿಲ್ಲ, ಒಂದು ಒತ್ತಡ ಬೇಕು. ಇವುಗಳಲ್ಲಿ ಎರಡನ್ನು ಆರಿಸಿ, ತಲಾ ಎಂಟು ನಿಮಿಷ ಕೊಟ್ಟು ಮತ್ತೆ ಮೌನವಾಗಿಯೇ ಬರೆಸಿ.

ಮಿತಿ ಹಾಕಿ: ಒಂದು ರೂಪಾಯಿಯೂ ಖರ್ಚಿಲ್ಲದೆ ಮಾಡುವುದಾದರೆ? ನಾಳೆ ಬೆಳಿಗ್ಗೆಯೇ ಶುರುಮಾಡಬೇಕಿದ್ದರೆ?

ತೆಗೆದುಹಾಕಿ: ಎಸ್ಟಿಮೇಟ್ ಎಂಬ ಹಂತವೇ ಇಲ್ಲದಿದ್ದರೆ? ಸಾಮಾನ್ಯ ರಿಪೇರಿಗಳಿಗೆ ಮೊದಲೇ ಬೆಲೆಪಟ್ಟಿ ಕೊಟ್ಟು, ಪಂಪ್ ಒಪ್ಪಿಸುವಾಗಲೇ "ಇಷ್ಟರೊಳಗೆ ಇದ್ದರೆ ಕೇಳದೆ ಮಾಡಿ" ಎಂದು ಸಹಿ ಹಾಕಿಸಿಕೊಳ್ಳುವ ಯೋಚನೆ ಇಂಥ ಪ್ರಶ್ನೆಯಿಂದ ಬರುತ್ತದೆ.

ತಲೆಕೆಳಗು ಮಾಡಿ: ಒಪ್ಪಿಗೆಯನ್ನು ಒಂದು ತಿಂಗಳು ತಡ ಮಾಡಿಸಬೇಕಿದ್ದರೆ ಏನು ಮಾಡುತ್ತಿದ್ದೆವು? ಜನ ನಗುತ್ತಾ ಬರೆಯುತ್ತಾರೆ: ಸಂಜೆ ಐದೂಮುಕ್ಕಾಲಿಗೆ ಇಮೇಲ್ ಕಳಿಸುವುದು, ಫೋನ್ ನಂಬರ್ ಕೊಡದಿರುವುದು. ಓದಿದ ಮೇಲೆ ಅದರಲ್ಲಿ ಅರ್ಧ ತಾವು ದಿನವೂ ಮಾಡುತ್ತಿರುವುದೇ ಎಂದು ಅರಿವಾಗುತ್ತದೆ.

ಹಂತ 8: ಅಳತೆಗೋಲು ಮೊದಲು, ಆಯ್ಕೆ ಆಮೇಲೆ

ಈಗ ನಿರ್ಧಾರ ಮಾಡುವವರನ್ನು ಒಳಕ್ಕೆ ಕರೆಯಿರಿ. ಗೋಡೆ ನೋಡುವ ಮೊದಲು ಮೂರು ಅಳತೆಗೋಲು ಬರೆಯಿಸಿ. ಉದಾಹರಣೆಗೆ, ಕಾಯುವ ದಿನ ಎಷ್ಟು ಕಡಿಮೆಯಾಗಬಹುದು, ಎರಡು ವಾರದಲ್ಲಿ ಸಣ್ಣದಾಗಿ ಮಾಡಿ ನೋಡಬಹುದೇ, ಕೆಟ್ಟರೆ ವಾಪಸ್ ತೆಗೆದುಕೊಳ್ಳಬಹುದೇ. ಮೂರಕ್ಕಿಂತ ಹೆಚ್ಚಾದರೆ ಲೆಕ್ಕ ಹಾಕುವುದರಲ್ಲೇ ಸಂಜೆಯಾಗುತ್ತದೆ.

ಇಷ್ಟವಾದ ಐಡಿಯಾದ ಚೀಟಿಯ ಮೇಲೆ ಮತದಂತೆ ಇಡಲು ಪ್ರತಿಯೊಬ್ಬರಿಗೂ ಮೂರು ಚುಕ್ಕಿ. ಯಾವುದಕ್ಕೆ ಹಾಕುತ್ತೇನೆಂದು ಮೊದಲು ತಮ್ಮ ಹಾಳೆಯಲ್ಲಿ ಬರೆದುಕೊಳ್ಳಲಿ, ಆಮೇಲೆ ಎಲ್ಲರೂ ಒಟ್ಟಿಗೆ ಎದ್ದು ಚುಕ್ಕಿ ಇಡಲಿ. ಇಲ್ಲದಿದ್ದರೆ ಮೊದಲು ಬಿದ್ದ ಚುಕ್ಕಿಯ ಬೆನ್ನಿಗೇ ಉಳಿದವೂ ಬೀಳುತ್ತವೆ. ನಿರ್ಧಾರ ಮಾಡುವವರದು ಕೊನೆಯ ಸರದಿ.

ಚುಕ್ಕಿಗಳ ಎಣಿಕೆಯೇ ತೀರ್ಪು ಎಂದುಕೊಳ್ಳಬೇಡಿ. ಹೆಚ್ಚು ಚುಕ್ಕಿ ಬೀಳುವುದು ಯಾರಿಗೂ ಆಕ್ಷೇಪವಿಲ್ಲದ ಸಪ್ಪೆ ಐಡಿಯಾಕ್ಕೆ. ಎರಡೇ ಚುಕ್ಕಿ ಬಿದ್ದಿದ್ದರೂ, ಹಾಕಿದ ಇಬ್ಬರು ಪಟ್ಟು ಹಿಡಿದು ವಾದಿಸುತ್ತಿರುವ ಐಡಿಯಾವನ್ನು ಐದು ನಿಮಿಷ ಕೇಳಿ. ಕೊನೆಗೆ ಒಂದು ಸುರಕ್ಷಿತ, ಒಂದು ಧೈರ್ಯದ ಐಡಿಯಾ ಉಳಿಸಿಕೊಳ್ಳಿ.

ಹಂತ 9: ಸೋತಿದೆ ಎಂದುಕೊಂಡು ನೋಡಿ

ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಪ್ರಚಾರಕ್ಕೆ ತಂದ ಪ್ರಿಮಾರ್ಟಮ್ ವಿಧಾನ ಇದು. "ಮೂರು ತಿಂಗಳು ಕಳೆದಿದೆ. ನಮ್ಮ ಐಡಿಯಾ ನೆಲಕಚ್ಚಿದೆ. ಏಕೆ ಎಂದು ಬರೆಯಿರಿ" ಎಂದು ಹೇಳಿ ಐದು ನಿಮಿಷ ಕೊಡಿ. "ಏನಾದರೂ ತೊಂದರೆ ಇದೆಯೇ?" ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಸೋತಾಗಿದೆ ಎಂದರೆ ಎಲ್ಲರಿಗೂ ಕಾರಣಗಳು ಹೊಳೆಯುತ್ತವೆ. ಮೆಕ್ಯಾನಿಕ್ ಆಗ ಹೇಳುತ್ತಾರೆ: "ಗ್ರೀಸ್ ಮೆತ್ತಿದ ಕೈಯಲ್ಲಿ ನಾನು ಫೋನ್ ಮುಟ್ಟಲಿಲ್ಲ, ಫೋಟೋ ತೆಗೆಯಲಿಲ್ಲ." ಈ ಒಂದು ಮಾತಿಗೆ ಬೆಂಚಿನ ಮೇಲೆ ಸ್ಟ್ಯಾಂಡ್ ಹಾಕಿ ಹಳೆಯ ಮೊಬೈಲ್ ಕೂರಿಸಿದರೆ ಸಾಕು. ಬಂದ ಕಾರಣಗಳಲ್ಲಿ ಎರಡು ಮೂರಕ್ಕೆ ಅಲ್ಲೇ ಮದ್ದು ಬರೆಯಿರಿ.

ಹಂತ 10: ಏಳುವ ಮೊದಲು ಪ್ರಯೋಗದ ಚೀಟಿ ತುಂಬಿಸಿ

ಇದು ಮುಗಿಯದೆ ಯಾರನ್ನೂ ಬಿಡಬೇಡಿ. ಚೀಟಿಯಲ್ಲಿ ಐದು ಸಾಲು: ಏನು ಮಾಡುತ್ತೇವೆ, ಯಾರು (ಒಬ್ಬರ ಹೆಸರು, ವಿಭಾಗದ ಹೆಸರಲ್ಲ), ಯಾವ ದಿನ ಶುರು, ಏನನ್ನು ಅಳೆಯುತ್ತೇವೆ, ಎಷ್ಟು ಬಂದರೆ ಮುಂದುವರಿಸುತ್ತೇವೆ. ನಮ್ಮ ಉದಾಹರಣೆಯಲ್ಲಿ ಹೀಗಿರಬಹುದು: "ಸೋಮವಾರದಿಂದ ಬರುವ ಮೊದಲ ಇಪ್ಪತ್ತು ಪಂಪ್‌ಗಳಿಗೆ ಎಸ್ಟಿಮೇಟ್ ಜೊತೆ ಕೆಟ್ಟ ಭಾಗದ ಫೋಟೋ ಕಳಿಸುತ್ತೇವೆ. ಕನಿಷ್ಠ ಹನ್ನೆರಡಕ್ಕೆ ಎರಡು ದಿನದೊಳಗೆ ಉತ್ತರ ಬಂದರೆ ಎಲ್ಲ ಪಂಪ್‌ಗಳಿಗೂ, ಇಲ್ಲದಿದ್ದರೆ ನಿಲ್ಲಿಸುತ್ತೇವೆ." ಕೊನೆಯ ಸಾಲನ್ನು ಮೊದಲೇ ಬರೆಯದಿದ್ದರೆ, ಐದು ಬಂದರೂ "ಪರವಾಗಿಲ್ಲ, ಸುಧಾರಿಸಿದೆ" ಎಂಬ ಮಾತು ಖಂಡಿತ ಬರುತ್ತದೆ.

ಸಾಫ್ಟ್‌ವೇರ್ ಕಟ್ಟಿಸುವುದು, ಟೆಂಡರ್ ಕರೆಯುವುದು, ಸಮಿತಿ ರಚಿಸುವುದು ಇದ್ಯಾವುದೂ ಮೊದಲ ಪ್ರಯೋಗವಲ್ಲ. ಕೈಯಲ್ಲೇ ಮಾಡಿ ನೋಡಿ. ಇಪ್ಪತ್ತು ಫೋಟೋ ಕಳಿಸಲು ಯಾವ ಸಿಸ್ಟಮ್ಮೂ ಬೇಡ.

ಎಚ್ಚರಿಕೆಯ ಲಕ್ಷಣ: ಜವಾಬ್ದಾರಿ ಹೊತ್ತವರ ಹಳೆಯ ಕೆಲಸದಲ್ಲಿ ಏನೂ ಕಡಿಮೆಯಾಗಿಲ್ಲ ಎಂದರೆ ಪ್ರಯೋಗ ನಡೆಯುವುದಿಲ್ಲ. ವಾರಕ್ಕೆ ಎಷ್ಟು ಗಂಟೆ, ಅಷ್ಟು ಹೊತ್ತು ಅವರ ಬದಲಿಗೆ ಯಾರು ಎಂಬುದನ್ನು ನಿರ್ಧಾರ ಮಾಡುವವರು ಅಲ್ಲೇ ಎಲ್ಲರ ಮುಂದೆ ಹೇಳಲಿ.

ಹಂತ 11: ಉಳಿದ ಚೀಟಿಗಳು ಮತ್ತು ವರದಿ

ಆಯ್ಕೆಯಾಗದ ಚೀಟಿಗಳನ್ನು ಅದೇ ದಿನ ಟೈಪ್ ಮಾಡಿ, ಪ್ರತಿಯೊಂದರ ಮುಂದೆ ಏಕೆ ಬಿಟ್ಟೆವು ಎಂದು ನಾಲ್ಕು ಪದ ಸೇರಿಸಿ: "ಈಗ ಹಣವಿಲ್ಲ", "ಕಾನೂನಿನ ತೊಡಕು", "ಮೊದಲ ಪ್ರಯೋಗದ ಫಲ ನೋಡಿಕೊಂಡು". ಆರು ತಿಂಗಳ ನಂತರ ಕಾರಣ ಬದಲಾಗಿದ್ದರೆ ಐಡಿಯಾ ಮತ್ತೆ ಮೇಲಕ್ಕೆ ಬರಬಹುದು.

ಪ್ರಯೋಗ ಮುಗಿದ ವಾರದಲ್ಲೇ ಬಂದವರಿಗೆಲ್ಲ ಫಲಿತಾಂಶ ತಿಳಿಸಿ. ಸೋತಿದ್ದರೂ ತಿಳಿಸಿ, ಎಷ್ಟರಲ್ಲಿ ಎಷ್ಟು ಎಂದು ಅಂಕಿಯಲ್ಲೇ ಹೇಳಿ. ಮುಂದಿನ ಸಭೆಗೆ ಕರೆದಾಗ ಜನ "ಬೇರೆ ಕೆಲಸ ಇದೆ" ಎಂದು ಜಾರಿಕೊಳ್ಳುತ್ತಿದ್ದರೆ ಹೊಸ ಆಟ, ಹೊಸ ವಿಧಾನ ಹುಡುಕಲು ಹೋಗಬೇಡಿ. ಹಿಂದಿನ ಸಭೆಯ ಪಟ್ಟಿ ತೆಗೆದು, ಅದರಲ್ಲಿ ಎಷ್ಟರ ಮುಂದೆ ಒಬ್ಬರ ಹೆಸರು ಮತ್ತು ಒಂದು ದಿನಾಂಕ ಇದೆ ಎಂದು ಎಣಿಸಿ ನೋಡಿ.